ಟಾಮ್ ಕ್ಲಾನ್ಸಿ ನೆನಪಿಗೆ: ಮೊದಲು ಓದಿದ್ದು ಯಾವುದು, ಎಲ್ಲಿ ಕೈಬಿಟ್ಟಿರಿ?

ಹಳೇ ಪೇಪರ್‌ಬ್ಯಾಕ್

ಅಮೆರಿಕದ ಥ್ರಿಲ್ಲರ್ ಕಾದಂಬರಿಕಾರ ಟಾಮ್ ಕ್ಲಾನ್ಸಿ ತೀರಿಕೊಂಡಿದ್ದು 2013ರ ಅಕ್ಟೋಬರ್ 1ರಂದು. 66 ವರ್ಷ ಅಷ್ಟೇ. ಅಕ್ಟೋಬರ್ ಬಂದಾಗ ಯಾರಾದರೂ ಅವರ ಬಗ್ಗೆ ಎರಡು ಸಾಲು ಬರೆಯುತ್ತಾರೆ, ನಾಲ್ಕು ಜನ 'ಒಳ್ಳೆ ಬರಹಗಾರ' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಈ ಸಲ ಸ್ವಲ್ಪ ಜಗಳ ಆಡೋಣ ಅಂತ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು ಬಾಲ್ಟಿಮೋರ್‌ನಲ್ಲಿ, 1947ರಲ್ಲಿ. ಓದಿದ್ದು ಇಂಗ್ಲಿಷ್ ಸಾಹಿತ್ಯ. ದೃಷ್ಟಿ ತುಂಬಾ ಮಂದ, ಹಾಗಾಗಿ ಸೇನೆ ಸೇರುವ ಆಸೆ ಕೈಗೂಡಲಿಲ್ಲ. ಮೇರಿಲ್ಯಾಂಡ್‌ನ ಒಂದು ಸಣ್ಣ ಊರಲ್ಲಿ ಇನ್ಶೂರೆನ್ಸ್ ಏಜೆಂಟ್ ಆಗಿದ್ದರು. ಮೊದಲ ಕಾದಂಬರಿಗೆ ಮುಂಚೆ ಅವರ ಹೆಸರಲ್ಲಿ ಅಚ್ಚಾಗಿದ್ದು ನೌಕಾಪಡೆಯವರ ಪತ್ರಿಕೆಗೆ ಬರೆದ ಒಂದು ಓಲೆ, ಅಮೆರಿಕದ ಎಂಎಕ್ಸ್ ಅಣ್ವಸ್ತ್ರ ಕ್ಷಿಪಣಿ ಬಗ್ಗೆ ಒಂದು ಸಣ್ಣ ಲೇಖನ. ಅಷ್ಟೇ. 1984ರಲ್ಲಿ 'ದಿ ಹಂಟ್ ಫಾರ್ ರೆಡ್ ಅಕ್ಟೋಬರ್' ತಂದಿದ್ದು ಅನಾಪೊಲಿಸ್‌ನ ನೇವಲ್ ಇನ್‌ಸ್ಟಿಟ್ಯೂಟ್ ಪ್ರೆಸ್. ಅವರು ಅಲ್ಲಿಯವರೆಗೆ ಹೊಸ ಕಾದಂಬರಿಯನ್ನೇ ಪ್ರಕಟಿಸಿರಲಿಲ್ಲ. ಮುಂಗಡವಾಗಿ ಕೊಟ್ಟಿದ್ದು 5,000 ಡಾಲರ್. ಆಮೇಲೆ ಪುಸ್ತಕ ಅಧ್ಯಕ್ಷ ರೇಗನ್ ಕೈಗೆ ಸಿಕ್ಕಿತು, ಅವರು ಬಾಯ್ತುಂಬಾ ಹೊಗಳಿದರು, ಪುಸ್ತಕ ಭರ್ಜರಿ ಓಡಿತು. 1989ರ 'ಕ್ಲಿಯರ್ ಅಂಡ್ ಪ್ರೆಸೆಂಟ್ ಡೇಂಜರ್' ಅಮೆರಿಕದಲ್ಲಿ ಆ ಇಡೀ ದಶಕದಲ್ಲೇ ಅತಿ ಹೆಚ್ಚು ಮಾರಾಟವಾದ ಕಾದಂಬರಿ.

ಈಗ ನನ್ನ ವಾದ ಕೇಳಿ. ಕ್ಲಾನ್ಸಿ ಜಗತ್ತಿನ ಒಳ್ಳೆಯ ಕಥೆಗಾರರಲ್ಲಿ ಒಬ್ಬರಾಗಿದ್ದು 1984ರಿಂದ 1991ರವರೆಗೆ ಮಾತ್ರ. 'ದಿ ಸಮ್ ಆಫ್ ಆಲ್ ಫಿಯರ್ಸ್' ಆದ ಮೇಲೆ ಬಂದಿದ್ದೆಲ್ಲ ತೂಕ ಜಾಸ್ತಿ, ಕಥೆ ಕಮ್ಮಿ. ಒಪ್ಪದವರು ಬನ್ನಿ.

ಕಾರವಾರದ ಕಡಲು

ಬಂದೆ ಸಾರ್. ನಾನು ನೌಕಾಪಡೆಯಲ್ಲಿ ಸೋನಾರ್ ವಿಭಾಗದಲ್ಲಿದ್ದು, ಅಂದರೆ ನೀರೊಳಗಿನ ಸದ್ದು ಕೇಳಿ ಹಡಗು ಪತ್ತೆ ಮಾಡುವ ಕಡೆ, ನಿವೃತ್ತನಾದವನು. 'ರೆಡ್ ಅಕ್ಟೋಬರ್' ನಮ್ಮ ಹಡಗಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ರಟ್ಟು ಇರಲಿಲ್ಲ, ಮೊದಲ ಕೆಲವು ಪುಟಗಳೂ ಇರಲಿಲ್ಲ. ಆದರೂ ಸರದಿಗೆ ಕಾಯಬೇಕಿತ್ತು.

ನಮ್ಮಂಥವರಿಗೆ ಆ ಪುಸ್ತಕ ಯಾಕೆ ಇಷ್ಟವಾಯಿತು ಗೊತ್ತಾ? ಅದರಲ್ಲಿ ದೊಡ್ಡ ಕೆಲಸ ಮಾಡುವವನು ಕ್ಯಾಪ್ಟನ್ ಅಲ್ಲ. ಅಮೆರಿಕದ ಜಲಾಂತರ್ಗಾಮಿಯೊಂದರಲ್ಲಿರುವ ಜೋನ್ಸ್ ಅನ್ನುವ ಸೋನಾರ್ ಆಪರೇಟರ್. ಕಾಲೇಜಿನಿಂದ ಹೊರಬಿದ್ದ ಹುಡುಗ, ಶಾಸ್ತ್ರೀಯ ಸಂಗೀತದ ಹುಚ್ಚ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು, ಇಡೀ ಸೋವಿಯತ್ ನೌಕಾಪಡೆ ಮುಚ್ಚಿಟ್ಟ ಗುಟ್ಟನ್ನು, ಸದ್ದಿಲ್ಲದ ಎಂಜಿನ್ನಿನ ಜಲಾಂತರ್ಗಾಮಿ 'ರೆಡ್ ಅಕ್ಟೋಬರ್' ಅನ್ನು, ಕಂಡುಹಿಡಿಯುತ್ತಾನೆ. ಅವನ ಕ್ಯಾಪ್ಟನ್ ಮಂಕುಸೊ ಅವನ ಮಾತು ನಂಬುತ್ತಾನೆ. ಸೇವೆಯಲ್ಲಿದ್ದವರನ್ನು ಕೇಳಿ, ಆ ಎರಡನೆಯದೇ ಅಪರೂಪ.

ತಾಂತ್ರಿಕವಾಗಿಯೂ ಬಹಳ ಮಟ್ಟಿಗೆ ಸರಿ. ಸಮುದ್ರದ ನೀರು ಮೇಲಿಂದ ಕೆಳಗೆ ಒಂದೇ ಥರ ಇರುವುದಿಲ್ಲ. ಮೇಲೆ ಬಿಸಿ, ಕೆಳಗೆ ತಣ್ಣಗೆ. ಆ ಎರಡು ಪದರ ಸೇರುವಲ್ಲಿ ಶಬ್ದ ಬಾಗುತ್ತದೆ. ಜಲಾಂತರ್ಗಾಮಿ ಅದರ ಕೆಳಗೆ ಅಡಗಿದರೆ ಮೇಲಿನ ಹಡಗಿಗೆ ಕೇಳುವುದೇ ಕಷ್ಟ. ನಮ್ಮ ಬೆಚ್ಚಗಿನ ಸಮುದ್ರಗಳಲ್ಲಿ ಇದು ಇನ್ನೂ ತಲೆನೋವು. ಬಿಸಿಲೇರಿ ಮೇಲಿನ ನೀರು ಕಾದರೆ, ಬೆಳಿಗ್ಗೆ ಕೇಳಿಸುತ್ತಿದ್ದಷ್ಟು ದೂರದ ಸದ್ದು ಮಧ್ಯಾಹ್ನ ಕೇಳಿಸುವುದಿಲ್ಲ. ಕ್ಲಾನ್ಸಿ ಇಂಥ ಒಣ ವಿಷಯವನ್ನೇ ಕಥೆಯ ಬಿಗಿಗೆ ಬಳಸಿಕೊಂಡರು. ಪ್ರೊಪೆಲ್ಲರ್‌ನ ಹಿಂದೆ ಸೋನಾರ್‌ಗೆ ಏನೂ ಕೇಳದ ಜಾಗ ಒಂದಿದೆ. ಅಲ್ಲಿ ಶತ್ರು ಹಿಂಬಾಲಿಸುತ್ತಿದ್ದಾನಾ ಅಂತ ನೋಡಲು ರಷ್ಯನ್ನರು ಇದ್ದಕ್ಕಿದ್ದಂತೆ ತಿರುಗುತ್ತಾರಲ್ಲ, 'ಕ್ರೇಜಿ ಐವನ್' ಅಂತ, ಅದೂ ನಿಜವಾದ ಅಭ್ಯಾಸವೇ.

ಅವರು ಬರೆಯದೇ ಬಿಟ್ಟಿದ್ದು ಬೇಸರ. ಗಂಟೆಗಟ್ಟಲೆ ಸೀಗಡಿ ಸದ್ದು ಕೇಳುತ್ತಾ ಕೂರುವುದು. ಅದನ್ನು ಬರೆದಿದ್ದರೆ ಪುಸ್ತಕ ಓಡುತ್ತಿರಲಿಲ್ಲ ಬಿಡಿ.

ಹುಬ್ಬಳ್ಳಿ ಗೇಮರ್

ನಗಬೇಡಿ. ಟಾಮ್ ಕ್ಲಾನ್ಸಿ ಅಂದರೆ ಗೇಮ್ ಕಂಪನಿ ಹೆಸರು ಅಂತಲೇ ನಾನು ಬೆಳೆದಿದ್ದು. 'ರೇನ್‌ಬೋ ಸಿಕ್ಸ್', 'ಘೋಸ್ಟ್ ರೀಕಾನ್', 'ಸ್ಪ್ಲಿಂಟರ್ ಸೆಲ್', ಎಲ್ಲದರ ಮೇಲೂ ಅದೇ ಹೆಸರು. ಇವರು ಮನುಷ್ಯ, ಅದರಲ್ಲೂ ಪುಸ್ತಕ ಬರೆದವರು ಅಂತ ಗೊತ್ತಾಗಿದ್ದು ತೀರಿಕೊಂಡ ಸುದ್ದಿ ಬಂದಾಗ. ನಮ್ಮ ಗೇಮಿಂಗ್ ಗುಂಪಿನಲ್ಲಿ ಎಲ್ಲರದ್ದೂ ಅದೇ ಪಾಡು.

ಆಮೇಲೆ ಹುಡುಕಿ ಓದಿದೆ. ರೆಡ್ ಸ್ಟಾರ್ಮ್ ಎಂಟರ್‌ಟೈನ್‌ಮೆಂಟ್ ಅಂತ 1996ರಲ್ಲಿ ಅವರೇ ಜೊತೆಗೂಡಿ ಕಂಪನಿ ಶುರು ಮಾಡಿದ್ದು. ಮೊದಲ 'ರೇನ್‌ಬೋ ಸಿಕ್ಸ್' ಗೇಮ್, ಅದೇ ಹೆಸರಿನ ಕಾದಂಬರಿ ಎರಡೂ 1998ರಲ್ಲಿ ಬಂದವು. 2000ದಲ್ಲಿ ಕಂಪನಿಯನ್ನು ಯೂಬಿಸಾಫ್ಟ್ ಅನ್ನುವ ದೊಡ್ಡ ಗೇಮ್ ಕಂಪನಿ ಕೊಂಡಿತು. 2008ರಲ್ಲಿ ಅವರ ಹೆಸರನ್ನೇ ಕೊಂಡುಕೊಂಡಿತು! ಗೇಮ್‌ಗಳಿಗೆ ಆ ಹೆಸರು ಬಳಸುವ ಹಕ್ಕನ್ನು.

ಆ ಮೊದಲ 'ರೇನ್‌ಬೋ ಸಿಕ್ಸ್' ಆಡಿದವರಿಗೆ ನೆನಪಿರುತ್ತದೆ. ಗುಂಡು ಹಾರಿಸುವುದಕ್ಕಿಂತ ನಕ್ಷೆ ಮುಂದೆ ಕೂತು ಪ್ಲಾನ್ ಮಾಡುವುದೇ ಜಾಸ್ತಿ. ಯಾವ ತಂಡ ಯಾವ ಬಾಗಿಲಿಂದ, ಯಾವಾಗ. ಒಂದೇ ಗುಂಡು ಬಿದ್ದರೆ ಹೋದ. ಆ ಕಾಲದ ಬೇರೆ ಶೂಟಿಂಗ್ ಗೇಮ್‌ಗಳಲ್ಲಿ ನೂರು ಗುಂಡು ತಿಂದರೂ ಓಡಾಡಬಹುದಿತ್ತು. ಕಡಲು ಸಾರ್ ಹೇಳಿದ್ದು ಓದಿದ ಮೇಲೆ, ಆ ಗೇಮ್‌ನಲ್ಲೂ ಅವರ ಬುದ್ಧಿಯೇ ಇದ್ದಿದ್ದು ಅನ್ನಿಸುತ್ತಿದೆ.

ಯಲಹಂಕ ರನ್‌ವೇ

ನನ್ನ ಮೊದಲ ಪುಸ್ತಕ 'ರೆಡ್ ಸ್ಟಾರ್ಮ್ ರೈಸಿಂಗ್', 1986ರದ್ದು. ಬ್ರಿಗೇಡ್ ರೋಡ್ ಫುಟ್‌ಪಾತ್‌ನಲ್ಲಿ ತೆಗೆದುಕೊಂಡ ಕಳ್ಳ ಪ್ರತಿ. ಅಚ್ಚು ಮಸಿ ಕೈಗೆ ಅಂಟುತ್ತಿತ್ತು. ಏರ್ ಶೋಗೆ ಟಿಕೆಟ್ ಸಿಗದಿದ್ದರೆ ಹೆದ್ದಾರಿ ಪಕ್ಕ ಕತ್ತೆತ್ತಿ ನಿಲ್ಲುವ ಪೈಕಿ ನಾನು. ಆ ಹುಚ್ಚು ಹತ್ತಿಸಿದ್ದೇ ಈ ಪುಸ್ತಕ.

ಇದರಲ್ಲಿ ಕ್ಲಾನ್ಸಿಯ ಮಾಮೂಲಿ ನಾಯಕ, ಸಿಐಎಯ ಜ್ಯಾಕ್ ರಯಾನ್ ಇಲ್ಲ. ಅಣುಬಾಂಬ್ ಬೀಳದೆ ಮೂರನೇ ಮಹಾಯುದ್ಧ ಆದರೆ ಹೇಗಿರುತ್ತೆ ಅನ್ನುವುದೇ ಕಥೆ. ಸೈಬೀರಿಯಾದ ತೈಲ ಸಂಸ್ಕರಣಾ ಘಟಕಕ್ಕೆ ಉಗ್ರರು ಬೆಂಕಿ ಇಡುತ್ತಾರೆ. ಸೋವಿಯತ್‌ಗೆ ಎಣ್ಣೆ ಸಾಲದು. ಕೊಲ್ಲಿಯ ಎಣ್ಣೆಗೆ ಕೈಹಾಕಬೇಕು, ಅದಕ್ಕೆ ಮೊದಲು ನೇಟೋವನ್ನು ಮುರಿಯಬೇಕು. ಐಸ್‌ಲ್ಯಾಂಡ್ ಹಿಡಿಯುತ್ತಾರೆ. ಯಾಕೆ ಐಸ್‌ಲ್ಯಾಂಡ್? ಅಟ್ಲಾಂಟಿಕ್‌ಗೆ ಬರುವ ಸೋವಿಯತ್ ಹಡಗು, ವಿಮಾನಗಳ ಮೇಲೆ ಕಣ್ಣಿಡುವ ಜಾಗ ಅದು. ಅದು ಕೈತಪ್ಪಿದರೆ ಅಮೆರಿಕದಿಂದ ಯೂರೋಪಿಗೆ ಹೋಗುವ ಸಾಮಾನಿನ ಹಡಗುಗಳಿಗೆ ಗಂಡಾಂತರ. ಭೂಪಟ ತೆಗೆದು ಪಕ್ಕಕ್ಕಿಟ್ಟುಕೊಂಡು ಓದಿದ ಮೊದಲ ಕಾದಂಬರಿ ನನಗೆ.

ಅದರಲ್ಲಿ 'ಡ್ಯಾನ್ಸ್ ಆಫ್ ದ ವ್ಯಾಂಪೈರ್ಸ್' ಅಧ್ಯಾಯ ಇದೆಯಲ್ಲ, ಅಯ್ಯೋ. ಸೋವಿಯತ್ ಬಾಂಬರ್‌ಗಳು ಮೊದಲು ಪೊಳ್ಳು ಗುರಿಗಳನ್ನು ಹಾರಿಬಿಡುತ್ತವೆ. ಅಮೆರಿಕದ ಟಾಮ್‌ಕ್ಯಾಟ್ ಯುದ್ಧವಿಮಾನಗಳು ಅವುಗಳ ಬೆನ್ನುಹತ್ತಿ ದೂರ ಹೋಗುತ್ತವೆ. ನಿಜವಾದ ದಾಳಿಯ ಬ್ಯಾಕ್‌ಫೈರ್ ಬಾಂಬರ್‌ಗಳು ಬೇರೆ ದಿಕ್ಕಿನಿಂದ ಬರುತ್ತವೆ. ಅಮೆರಿಕದ ವಿಮಾನವಾಹಕ ನೌಕೆ ನಿಮಿಟ್ಜ್‌ಗೆ ಪೆಟ್ಟು, ಫ್ರೆಂಚರ ವಿಮಾನವಾಹಕ ಫೋಷ್ ಮುಳುಗುತ್ತದೆ. ಇದನ್ನು ಕ್ಲಾನ್ಸಿ ಮತ್ತು ಲ್ಯಾರಿ ಬಾಂಡ್ ಸುಮ್ನೆ ಕೂತು ಕಲ್ಪಿಸಿಕೊಂಡಿದ್ದಲ್ಲ. ಬಾಂಡ್ ಅವರೇ ರೂಪಿಸಿದ 'ಹಾರ್ಪೂನ್' ಅನ್ನುವ ಯುದ್ಧದ ಆಟವನ್ನು ಆಡಿ ನೋಡಿ ಬರೆದಿದ್ದು.

ಎಡವಿದ್ದೂ ಇದೆ. ಆಗ ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದ ಸ್ಟೆಲ್ತ್ ವಿಮಾನ ಇನ್ನೂ ಗುಟ್ಟಾಗಿತ್ತು. ಕ್ಲಾನ್ಸಿ ಎಫ್-19 ಅಂತ ಒಂದನ್ನು ಊಹಿಸಿದರು, ದುಂಡಗಿನ ಆಕಾರದ್ದು. 1988ರ ನವೆಂಬರ್‌ನಲ್ಲಿ ನಿಜವಾದದ್ದರ ಚಿತ್ರ ಹೊರಬಿತ್ತು. ಅದು ಎಫ್-117, ಮೈಯೆಲ್ಲ ಚಪ್ಪಟೆ ಮುಖ, ಚೂಪು ಅಂಚು. ಆಕಾರ ತಪ್ಪಿದರೂ ಅದರ ಬಳಕೆ ಹೇಗಿರುತ್ತದೆ ಅನ್ನುವುದನ್ನು ಸರಿಯಾಗಿ ಹಿಡಿದಿದ್ದರು. ರಾತ್ರಿ ಒಳನುಗ್ಗಿ ಮೊದಲ ಏಟು ಹೊಡೆಯುವುದು. 1991ರಲ್ಲಿ ಬಾಗ್ದಾದ್ ಮೇಲೆ ಆಗಿದ್ದೂ ಅದೇ.

ಶಿವಮೊಗ್ಗದ ಮೇಷ್ಟ್ರಮ್ಮ

ಎಲ್ಲರೂ ಯಂತ್ರಗಳ ಬಗ್ಗೆಯೇ ಹೇಳುತ್ತಿದ್ದೀರಿ. ಅದೇ ನನ್ನ ತಕರಾರು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕ್ಲಾನ್ಸಿಯನ್ನು ಇಷ್ಟಪಟ್ಟೇ ಓದಿದ್ದೇನೆ, ಯಾರೂ ಹೊಡೆಯಲು ಬರಬೇಡಿ.

'ರೆಡ್ ಅಕ್ಟೋಬರ್'ಗೆ ಬೀಜವಾದ ನಿಜ ಘಟನೆ ನೋಡಿ. 1975ರ ನವೆಂಬರ್‌ನಲ್ಲಿ 'ಸ್ಟೊರೊಜೆವೊಯ್' ಅನ್ನುವ ಸೋವಿಯತ್ ಯುದ್ಧನೌಕೆಯಲ್ಲಿ ದಂಗೆಯಾಯಿತು. ರೀಗಾದಿಂದ ಹೊರಟಿತು. ದಂಗೆಯ ಮುಂದಾಳು ವಲೇರಿ ಸಾಬ್ಲಿನ್. ಅವನು ಕ್ಯಾಪ್ಟನ್ ಅಲ್ಲ, ಹಡಗಿನ ರಾಜಕೀಯ ಅಧಿಕಾರಿ. ಅಂದರೆ ನಾವಿಕರಿಗೆ ಪಕ್ಷದ ಪಾಠ ಹೇಳಲು ನೇಮಕವಾದವನು. ಆ ಪಾಠವನ್ನು ನಿಜವಾಗಿ ನಂಬಿದ್ದ. ಅಧಿಕಾರದಲ್ಲಿರುವವರು ಲೆನಿನ್‌ಗೆ ದ್ರೋಹ ಮಾಡಿದ್ದಾರೆ, ಲೆನಿನ್‌ಗ್ರಾಡ್‌ಗೆ ಹೋಗಿ ಜನರಿಗೆ ಹೇಳಬೇಕು ಅನ್ನುವುದು ಅವನ ಆಸೆ. ಅಮೆರಿಕಕ್ಕೆ ಓಡಿಹೋಗುವುದಲ್ಲ. ಹಿಡಿದರು, 1976ರಲ್ಲಿ ಗುಂಡಿಟ್ಟು ಕೊಂದರು.

ಕ್ಲಾನ್ಸಿ ಇದನ್ನು ಏನು ಮಾಡಿದರು? ಬಂಡಾಯಗಾರನನ್ನು ಕ್ಯಾಪ್ಟನ್ ರೇಮಿಯಸ್ ಮಾಡಿದರು. ಅವನ ಗುರಿ ಅಮೆರಿಕ ಸೇರುವುದು. ರಾಜಕೀಯ ಅಧಿಕಾರಿಯನ್ನು ಕಥೆಯ ಶುರುವಿನಲ್ಲೇ ಸಾಯಿಸಿಬಿಟ್ಟರು. ಆ ಪಾತ್ರದ ಹೆಸರು ಬೇರೆ ಪುಟಿನ್, 1984ರಲ್ಲಿ! ಅದು ಕಾಕತಾಳೀಯ, ಇರಲಿ. ನಿಜ ಜೀವನದಲ್ಲಿ ಯಾರು ಕಥಾನಾಯಕನಾಗಿದ್ದನೋ ಅವನೇ ಕಾದಂಬರಿಯಲ್ಲಿ ಮೊದಲ ಹೆಣ. ತನ್ನ ನಂಬಿಕೆಗೋಸ್ಕರವೇ ತನ್ನ ದೇಶದ ವಿರುದ್ಧ ನಿಂತ ಸಾಬ್ಲಿನ್ ಎಂಥ ಪಾತ್ರ ಹೇಳಿ! ಟಾಲ್‌ಸ್ಟಾಯ್ ಕೈಗೆ ಸಿಗಬೇಕಿತ್ತು. ಕ್ಲಾನ್ಸಿಗೆ ಅವನು ಬೇಕಾಗಲಿಲ್ಲ. ಹಡಗಿನ ಎಂಜಿನ್ ಒಳಗೆ ಇಳಿದಷ್ಟು ಸಲೀಸಾಗಿ ಮನುಷ್ಯನ ಒಳಗೆ ಇಳಿಯಲು ಅವರಿಗೆ ಬರುತ್ತಿರಲಿಲ್ಲ.

ಹಳೇ ಪೇಪರ್‌ಬ್ಯಾಕ್

ಮೇಡಂ, ಏಟು ಜೋರಾಗಿಯೇ ಬಿತ್ತು. ಆದರೆ ಒಂದು ಮಾತು. ಆಗ ಪಶ್ಚಿಮದವರೆಲ್ಲ ಆ ಹಡಗು ಸ್ವೀಡನ್ನಿಗೆ ಓಡಿಹೋಗುತ್ತಿತ್ತು ಅಂತಲೇ ಅಂದುಕೊಂಡಿದ್ದರು. ಕ್ಲಾನ್ಸಿಗೆ ದಾರಿ ತೋರಿಸಿದ್ದು ಅಮೆರಿಕದ ನೌಕಾ ಅಧಿಕಾರಿ ಗ್ರೆಗರಿ ಯಂಗ್ ಆ ದಂಗೆ ಬಗ್ಗೆ ಬರೆದ ಸ್ನಾತಕೋತ್ತರ ಪ್ರಬಂಧ. ಆ ಪ್ರಬಂಧ 1982ರದ್ದು. ಸಾಬ್ಲಿನ್ ಕಥೆ ಪೂರ್ತಿಯಾಗಿ ಹೊರಬಂದಿದ್ದು ಸೋವಿಯತ್ ಒಕ್ಕೂಟ ಮುರಿದ ಮೇಲೆ.

ಮನುಷ್ಯರ ಒಳಗೆ ಇಳಿಯಲಿಲ್ಲ ಅನ್ನುವುದನ್ನು ಅರ್ಧ ಒಪ್ಪುತ್ತೇನೆ. 'ದಿ ಕಾರ್ಡಿನಲ್ ಆಫ್ ದ ಕ್ರೆಮ್ಲಿನ್' ಓದಿದ್ದೀರಾ? ಅದರ ಕರ್ನಲ್ ಫಿಲಿಟೊವ್ ಎರಡನೇ ಮಹಾಯುದ್ಧದ ವೀರ, ಮೂರು ಸಲ ಸೋವಿಯತ್‌ನ ಅತಿ ದೊಡ್ಡ ಪದಕ ಪಡೆದವನು. ಅವನೇ ಸಿಐಎಗೆ ಗುಟ್ಟು ಕೊಡುವ ಮುದುಕ. ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ, ಸತ್ತ ಜೊತೆಗಾರರ ಜೊತೆ ಒಬ್ಬನೇ ಮಾತಾಡಿಕೊಳ್ಳುತ್ತಾನೆ. ನೀವು ಕೇಳಿದ ಸಾಬ್ಲಿನ್ ಸ್ವಲ್ಪ ಮಟ್ಟಿಗೆ ಅಲ್ಲಿ ಸಿಗುತ್ತಾನೆ.

ಶಿವಮೊಗ್ಗದ ಮೇಷ್ಟ್ರಮ್ಮ

ಫಿಲಿಟೊವ್‌ನನ್ನು ಒಪ್ಪಿದೆ. ಮೇರಿ ಪ್ಯಾಟ್ ಫೋಲಿಯನ್ನೂ ಸೇರಿಸಿಕೊಳ್ಳಿ. ಮಾಸ್ಕೋದಲ್ಲಿ ಮಗುವಿನ ಕೈ ಹಿಡಿದುಕೊಂಡು ಓಡಾಡುವ ಗೃಹಿಣಿ ಥರ ಕಾಣುತ್ತಾ ಗೂಢಚಾರಿಕೆ ನಡೆಸುವವಳು. ರಯಾನ್ ಹೆಂಡತಿ ಕ್ಯಾಥಿಯೂ ಕಣ್ಣಿನ ಶಸ್ತ್ರವೈದ್ಯೆ, ಜಾನ್ಸ್ ಹಾಪ್ಕಿನ್ಸ್‌ನಲ್ಲೇ. ಆದರೆ ಅವಳು ನಿಜವಾಗಿ ಮಾತಾಡುವುದು ಯಾವ ಪುಸ್ತಕದಲ್ಲಿ? ಗಂಡನ ಬಗ್ಗೆ ಚಿಂತೆ ಮಾಡುವುದೇ ಅವಳ ಮುಖ್ಯ ಕೆಲಸ.

ಮೇರಿಲ್ಯಾಂಡ್ ಮೈಸೂರಿಗ

ನಾನಿರುವುದು ಅವರ ಊರ ಕಡೆಯೇ. ಕ್ಯಾಲ್ವರ್ಟ್ ಕೌಂಟಿ, ಚೆಸಪೀಕ್ ಕೊಲ್ಲಿಯ ದಂಡೆ. ಇಲ್ಲಿಗೆ ಬಂದ ಹೊಸತರಲ್ಲಿ ಮೊದಲು ಕೇಳಿದ ಕಥೆಯೇ ಕ್ಲಾನ್ಸಿ ಮನೆಯ ಟ್ಯಾಂಕ್‌ದು. ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕ್, ಹೆಂಡತಿ ಕ್ರಿಸ್‌ಮಸ್‌ಗೆ ಕೊಟ್ಟ ಉಡುಗೊರೆ, ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದರು. ಬಾಲ್ಟಿಮೋರ್‌ನ ಬೇಸ್‌ಬಾಲ್ ತಂಡ ಓರಿಯೋಲ್ಸ್‌ನಲ್ಲೂ ಪಾಲುದಾರರು. ಇಲ್ಲಿನ ಹಳಬರಿಗೆ ಕಾದಂಬರಿಗಿಂತ ಇದೇ ಹೆಚ್ಚು ನೆನಪು.

ಇಲ್ಲಿದ್ದು ನೋಡಿದರೆ ಅವರ ಪುಸ್ತಕ ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ. ಇದೇ ಕೌಂಟಿಯಲ್ಲಿ ಕ್ಯಾಲ್ವರ್ಟ್ ಕ್ಲಿಫ್ಸ್ ಅಣುವಿದ್ಯುತ್ ಸ್ಥಾವರ ಇದೆ. ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಕೆಲಸ ಮಾಡಿ ಬಿಟ್ಟವರು ಇಂಥ ಸ್ಥಾವರಗಳಿಗೆ ಸೇರುವುದು ಇಲ್ಲಿ ಮಾಮೂಲು. ಇದೇ ದಂಡೆಯಲ್ಲಿ ಸ್ವಲ್ಪ ಉತ್ತರಕ್ಕೆ ಹೋದರೆ ಅನಾಪೊಲಿಸ್, ನೌಕಾ ಅಕಾಡೆಮಿ. ದಕ್ಷಿಣಕ್ಕೆ ಪಟುಕ್ಸೆಂಟ್ ನದಿ ದಾಟಿದರೆ ನೌಕಾಪಡೆಯ ವಿಮಾನ ಪರೀಕ್ಷೆಯ ನೆಲೆ. ಇಂಥ ಜಾಗದಲ್ಲಿ ಇನ್ಶೂರೆನ್ಸ್ ಮಾರುವವನ ಮುಂದೆ ಕೂರುವ ಗಿರಾಕಿಗಳು ಯಾರಿರುತ್ತಾರೆ ಯೋಚಿಸಿ. ಕಾರಿನ ಪಾಲಿಸಿ ತುಂಬುತ್ತಾ ಎಷ್ಟು ಕಥೆ ಕೇಳಿರಬಹುದು ಅನ್ನುವುದು ನನ್ನ ಊಹೆ.

ನೌಕಾಪಡೆ ಕಾರ್ಯದರ್ಶಿಯಾಗಿದ್ದ ಜಾನ್ ಲೇಮನ್, 'ರೆಡ್ ಅಕ್ಟೋಬರ್' ಓದಿ 'ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು' ಅಂತ ಕೇಳಿದರಂತೆ. ಗುಟ್ಟಿನ ಮಾಹಿತಿ ಸೋರಿದೆ ಅಂತ ಅನುಮಾನ. ಕ್ಲಾನ್ಸಿ ಕೊನೆಯವರೆಗೂ ಹೇಳುತ್ತಿದ್ದುದು ಒಂದೇ, ಎಲ್ಲವೂ ಪುಸ್ತಕದಂಗಡಿಯಲ್ಲಿ ಸಿಗುವ ಮಾಹಿತಿ ಅಂತ.

ಕೊಡಗಿನ ಕಾಫಿ ತೋಟ

ನಮ್ಮದು ಸೇನೆಯವರ ಮನೆ. ಅಪ್ಪ, ಚಿಕ್ಕಪ್ಪ, ಅಣ್ಣ ಎಲ್ಲರೂ. ಕ್ಲಾನ್ಸಿ ಪುಸ್ತಕಗಳು ಕಪಾಟಿನ ಒಂದು ಸಾಲು ತುಂಬಾ ಇದ್ದವು. ಅದರಲ್ಲಿ ಒಂದನ್ನು ಮಾತ್ರ ಅಪ್ಪ ಸಿಟ್ಟಿನಿಂದ ತಿರುಗಿಸಿ ಇಟ್ಟಿದ್ದರು. 1994ರ 'ಡೆಟ್ ಆಫ್ ಆನರ್'.

ಭಾರತದವರಾಗಿ ಈ ಪುಸ್ತಕದ ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ! ಅದರಲ್ಲಿ ಭಾರತ ಶ್ರೀಲಂಕಾದ ಮೇಲೆ ಕಣ್ಣು ಹಾಕುತ್ತದೆ. ನಮ್ಮ ವಿಮಾನವಾಹಕ ನೌಕೆಗಳು ಅಮೆರಿಕದ ನೌಕೆಗಳ ಎದುರು ನಿಲ್ಲುತ್ತವೆ. ನಮ್ಮ ಅಡ್ಮಿರಲ್ ಹೆಸರು ಚಂದ್ರಸ್ಕತ್ತ. ಯಾವ ಊರು, ಯಾವ ಮನೆತನ? ಮುಂದಿನ 'ಎಕ್ಸಿಕ್ಯೂಟಿವ್ ಆರ್ಡರ್ಸ್'ನಲ್ಲಂತೂ ನಮ್ಮ ಮಹಿಳಾ ಪ್ರಧಾನಿ ಚೀನಾ, ಇರಾನ್ ಜೊತೆ ಸೇರಿ ಸಂಚು ಮಾಡುತ್ತಾರೆ. ರಷ್ಯನ್ ಜಲಾಂತರ್ಗಾಮಿಯ ನಟ್ಟು ಬೋಲ್ಟು ಲೆಕ್ಕ ಹಾಕಿದವರು, ಒಬ್ಬ ಭಾರತೀಯನ ಹೆಸರನ್ನು ಸರಿಯಾಗಿ ಹುಡುಕಲು ಒಂದು ಫೋನ್ ಮಾಡಲಿಲ್ಲ.

ಆದರೆ ಅದೇ ಪುಸ್ತಕದ ಕೊನೆಯನ್ನು ಮರೆಯಲೂ ಆಗುವುದಿಲ್ಲ. ಜಪಾನಿನ ಒಬ್ಬ ಪೈಲಟ್ 747 ವಿಮಾನವನ್ನು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿಸುತ್ತಾನೆ. ಒಳಗೆ ಅಧ್ಯಕ್ಷರಿಂದ ಹಿಡಿದು ಎಲ್ಲರೂ ಇರುತ್ತಾರೆ. 2001ರ ಸೆಪ್ಟೆಂಬರ್ 11ಕ್ಕೆ ಏಳು ವರ್ಷ ಮೊದಲು ಬರೆದಿದ್ದು. ಆ ದಾಳಿಯ ತನಿಖಾ ಆಯೋಗದ ವರದಿಯಲ್ಲೇ ಕ್ಲಾನ್ಸಿ ಹೆಸರು ಬರುತ್ತದೆ. ವಿಮಾನವನ್ನೇ ಆಯುಧ ಮಾಡಬಹುದು ಅನ್ನುವ ಅರಿವು ತನಗೆ ಗುಪ್ತಚರರ ಎಚ್ಚರಿಕೆಗಿಂತ ಹೆಚ್ಚಾಗಿ ಕ್ಲಾನ್ಸಿ ಕಾದಂಬರಿಗಳಿಂದ ಬಂತು ಅಂತ ಶ್ವೇತಭವನದ ಭಯೋತ್ಪಾದನೆ ನಿಗ್ರಹ ಅಧಿಕಾರಿ ರಿಚರ್ಡ್ ಕ್ಲಾರ್ಕ್ ಹೇಳಿದ್ದು ದಾಖಲಾಗಿದೆ. ಇದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಬೇಕಾ, ಅಲ್ಲಿನ ಗುಪ್ತಚರ ಸಂಸ್ಥೆಗಳಿಗೆ ಬೈಗುಳ ಅಂತ ತೆಗೆದುಕೊಳ್ಳಬೇಕಾ?

ಕಾರವಾರದ ಕಡಲು

ಎರಡೂ ಅಕ್ಕಾ.

ಭಾರತದ ವಿಷಯಕ್ಕೆ ಬಂದರೆ, ಅವರು ಆ ಕಥೆ ಎಲ್ಲಿಂದ ಕಟ್ಟಿದರು ಅನ್ನುವುದು ಕಾಣುತ್ತದೆ. ನಮ್ಮ ಶಾಂತಿಪಾಲನಾ ಪಡೆ 1987ರಲ್ಲಿ ಶ್ರೀಲಂಕಾಕ್ಕೆ ಹೋಗಿತ್ತು, 1990ರ ಮಾರ್ಚ್‌ನಲ್ಲಿ ವಾಪಸ್ ಬಂತು. 1988ರಲ್ಲಿ ಸೋವಿಯತ್‌ನಿಂದ ಚಕ್ರ ಅನ್ನುವ ಅಣುಶಕ್ತಿ ಜಲಾಂತರ್ಗಾಮಿಯನ್ನು ಬಾಡಿಗೆಗೆ ತಂದಿದ್ದೆವು. ವಿಮಾನವಾಹಕ ನೌಕೆ ವಿರಾಟ್ ಆಗಷ್ಟೇ ಬಂದಿತ್ತು. ವಾಷಿಂಗ್ಟನ್‌ನಲ್ಲಿ ಕೂತವರಿಗೆ ಇದನ್ನೆಲ್ಲ ಸೇರಿಸಿ ನೋಡಿದಾಗ 'ಇವರಿಗೆ ಹಿಂದೂ ಮಹಾಸಾಗರ ಪೂರ್ತಿ ಬೇಕು' ಅನ್ನಿಸಿರಬಹುದು. ತಮಾಷೆ ಅಂದರೆ ಪುಸ್ತಕ ಬರುವ ಎರಡು ವರ್ಷ ಮೊದಲೇ, 1992ರಲ್ಲಿ, ಭಾರತ, ಅಮೆರಿಕದ ನೌಕಾಪಡೆಗಳು ಒಟ್ಟಿಗೆ ಮಲಬಾರ್ ಸಮರಾಭ್ಯಾಸ ಶುರು ಮಾಡಿದ್ದವು. ಕ್ಲಾನ್ಸಿ ನಮ್ಮನ್ನು ಶತ್ರು ಮಾಡಿ ಬರೆಯುತ್ತಿದ್ದ ಹೊತ್ತಿಗೆ ಅವರ ಹಡಗಿನವರೂ ನಮ್ಮವರೂ ಒಟ್ಟಿಗೆ ಅಭ್ಯಾಸಕ್ಕೆ ಇಳಿದಾಗಿತ್ತು.

ಯಲಹಂಕ ರನ್‌ವೇ

ಪೇಪರ್‌ಬ್ಯಾಕ್ ಸಾರ್, ನಿಮ್ಮ 1991ರ ಗೆರೆಯನ್ನು ನಾನು ಒಪ್ಪುವುದಿಲ್ಲ. 1993ರ 'ವಿದೌಟ್ ರಿಮೋರ್ಸ್' ಎಲ್ಲಿ ಹಾಕುತ್ತೀರಿ? ಅದರಲ್ಲಿ ದೊಡ್ಡ ಯಂತ್ರವೇ ಇಲ್ಲ. ಜಾನ್ ಕೆಲಿ ಒಬ್ಬನೇ ಬಾಲ್ಟಿಮೋರ್ ಬೀದಿಗಳಲ್ಲಿ ಮಾದಕ ದ್ರವ್ಯ ಮಾರುವವರನ್ನು ಬೇಟೆಯಾಡುತ್ತಾನೆ. ಕ್ಲಾನ್ಸಿ ಬರೆದದ್ದರಲ್ಲೇ ಅತಿ ಕತ್ತಲಿನ ಪುಸ್ತಕ. ಮೇಡಂ ಕೇಳಿದ 'ಮನುಷ್ಯನ ಒಳಗೆ' ಅದರಲ್ಲಿದೆ.

ಹಳೇ ಪೇಪರ್‌ಬ್ಯಾಕ್

ಸರಿ, ಗೆರೆಯನ್ನು 1993ಕ್ಕೆ ತಳ್ಳುತ್ತೇನೆ. ಅದಕ್ಕಿಂತ ಒಂದು ದಿನವೂ ಮುಂದಕ್ಕಿಲ್ಲ.

ಹಾಳಾಗಿದ್ದು ಯಾಕೆ ಅಂತ ನನಗನ್ನಿಸುವುದು ಹೇಳುತ್ತೇನೆ. ಮೊದಲ ಪುಸ್ತಕಗಳಲ್ಲಿ ರಯಾನ್ ಒಬ್ಬ ಇತಿಹಾಸದ ಮೇಷ್ಟ್ರು, ಸಿಐಎಯಲ್ಲಿ ವರದಿ ಬರೆಯುವವನು. ವಿಮಾನ ಹತ್ತಲು ಹೆದರುತ್ತಾನೆ. ಅವನ ಮಾತನ್ನು ಮೇಲಿನವರು ನಂಬಬೇಕು, ಆಗಲೇ ಕಥೆ ಮುಂದೆ ಹೋಗುತ್ತದೆ. ಆಮೇಲೆ ಅವನನ್ನು ಹಂತ ಹಂತವಾಗಿ ಮೇಲೇರಿಸಿ ಅಮೆರಿಕದ ಅಧ್ಯಕ್ಷನನ್ನೇ ಮಾಡಿದರು. ಅವನಿಗೆ ಎದುರು ಹೇಳುವವರೇ ಇಲ್ಲ! ಪುಟಗಟ್ಟಲೆ ತೆರಿಗೆ ಬಗ್ಗೆ, ರಾಜಕಾರಣಿಗಳ ಬಗ್ಗೆ ಭಾಷಣ. ಅದು ರಯಾನ್ ಮಾತಲ್ಲ, ಕ್ಲಾನ್ಸಿ ಮಾತು. 2000ದ 'ದಿ ಬೇರ್ ಅಂಡ್ ದ ಡ್ರ್ಯಾಗನ್' ಸಾವಿರ ಪುಟ ದಾಟಿತು. ಆ ಹೊತ್ತಿಗೆ ಅವರ ಬರಹಕ್ಕೆ ಕತ್ತರಿ ಹಾಕುವ ಧೈರ್ಯ ಯಾವ ಸಂಪಾದಕನಿಗೂ ಇರಲಿಲ್ಲ ಅಂತ ಕಾಣುತ್ತದೆ.

ಸೋವಿಯತ್ ಒಕ್ಕೂಟ ಮುರಿದಿದ್ದೂ ಒಂದು ಕಾರಣ. ಎದುರಾಳಿ ಬುದ್ಧಿವಂತನಾಗಿದ್ದಾಗ ಕ್ಲಾನ್ಸಿ ಚೆನ್ನಾಗಿ ಬರೆದರು. ಅವರ ರಷ್ಯನ್ನರು ದಡ್ಡರಲ್ಲ, ಮರ್ಯಾದೆ ಇರುವವರು. ಆಮೇಲೆ ಬಂದ ಜಪಾನ್, ಭಾರತ, ಇರಾನ್, ಚೀನಾ ಎಲ್ಲ ಬರೀ ರಟ್ಟಿನ ಶತ್ರುಗಳು. ತೋಟದ ಅಕ್ಕ ಹೇಳಿದ ಚಂದ್ರಸ್ಕತ್ತನೇ ಸಾಕ್ಷಿ.

ಹುಬ್ಬಳ್ಳಿ ಗೇಮರ್

ಸಿನಿಮಾ ಬಗ್ಗೆ ಯಾರೂ ಹೇಳಲಿಲ್ಲ? 1990ರ 'ರೆಡ್ ಅಕ್ಟೋಬರ್' ಈಗ ನೋಡಿದರೂ ಎಷ್ಟು ಗಟ್ಟಿಯಾಗಿದೆ. ಶಾನ್ ಕಾನರಿ ರಷ್ಯನ್ ಕ್ಯಾಪ್ಟನ್, ಉಚ್ಚಾರಣೆ ಮಾತ್ರ ಪಕ್ಕಾ ಸ್ಕಾಟ್‌ಲ್ಯಾಂಡ್. ಆದರೂ ಒಪ್ಪಿಕೊಂಡುಬಿಡುತ್ತೀರಿ.

ಕಾರವಾರದ ಕಡಲು

ಸಿನಿಮಾದಲ್ಲಿ ಒಂದು ಬದಲಾವಣೆ ಮಾಡಿದ್ದಾರೆ ಗುರು. ಪುಸ್ತಕದಲ್ಲಿ ಆ ಸದ್ದಿಲ್ಲದ ಎಂಜಿನ್ ಅಂದರೆ ಹಡಗಿನ ಮೈಯೊಳಗಿನ ಸುರಂಗದಲ್ಲಿ ತಿರುಗುವ ಚಕ್ರಗಳು. ನೀರನ್ನು ಮುಂದಿನಿಂದ ಎಳೆದು ಹಿಂದಕ್ಕೆ ತಳ್ಳುತ್ತವೆ. ಸಿನಿಮಾದಲ್ಲಿ ಅದನ್ನು ಅಯಸ್ಕಾಂತದ ಬಲದಿಂದ ನೀರು ತಳ್ಳುವ ಎಂಜಿನ್ ಮಾಡಿದರು, ತಿರುಗುವ ಭಾಗವೇ ಇಲ್ಲ. ಕೇಳಲು ಚೆಂದ. ಆದರೆ ಪುಸ್ತಕದ್ದೇ ನಂಬುವಂತಿದೆ.

ಹಡಗು ಮಾತ್ರ ನಿಜವಾದ ಮಾದರಿಯದ್ದೇ. ಟೈಫೂನ್ ಅಂತ ನೇಟೋದವರು ಕರೆದ ಜಾತಿ. ಜಗತ್ತಿನಲ್ಲೇ ಅತಿ ದೊಡ್ಡ ಜಲಾಂತರ್ಗಾಮಿಗಳು, 175 ಮೀಟರ್ ಉದ್ದ. ಸೋವಿಯತ್ ಕಟ್ಟಿದ್ದು ಆರು. ನಿಜವಾದವುಗಳಲ್ಲಿ 20 ಕ್ಷಿಪಣಿ, ಕ್ಲಾನ್ಸಿ ತಮ್ಮದಕ್ಕೆ 26 ಹಾಕಿಕೊಂಡರು. ಕೊನೆಯವರೆಗೆ ಉಳಿದಿದ್ದ ದ್ಮಿತ್ರಿ ದೊನ್ಸ್ಕೊಯ್ 2023ರಲ್ಲಿ ಸೇವೆಯಿಂದ ಹೊರಬಂತು.

ಮೇರಿಲ್ಯಾಂಡ್ ಮೈಸೂರಿಗ

ಸಿನಿಮಾ ಅಂದಾಗ 2002ರ 'ದಿ ಸಮ್ ಆಫ್ ಆಲ್ ಫಿಯರ್ಸ್' ಡಿವಿಡಿ ಸಿಕ್ಕರೆ ನಿರ್ದೇಶಕರ ಜೊತೆ ಕ್ಲಾನ್ಸಿ ಕೂತು ಮಾತಾಡಿರುವ ಧ್ವನಿಪಥ ಕೇಳಿ. 'ಇವರು ಕಡೆಗಣಿಸಿದ ಪುಸ್ತಕ ಬರೆದವನು ನಾನು' ಅಂತಲೇ ಪರಿಚಯ ಮಾಡಿಕೊಳ್ಳುತ್ತಾರೆ. ಆಮೇಲೆ ಸಿನಿಮಾ ಮುಗಿಯುವವರೆಗೂ ಇದು ತಪ್ಪು, ಅದು ತಪ್ಪು ಅಂತ ಕುಟುಕುತ್ತಲೇ ಇರುತ್ತಾರೆ. ಪುಸ್ತಕದಲ್ಲಿ ಬಾಂಬ್ ಬೀಳುವುದು ಡೆನ್ವರ್‌ನಲ್ಲಿ, ಸಿನಿಮಾದಲ್ಲಿ ಅವರದೇ ಬಾಲ್ಟಿಮೋರ್‌ನಲ್ಲಿ. ಬಾಂಬ್ ಇಡುವವರನ್ನೂ ಬದಲಾಯಿಸಿ ಹೊಸ ನಾಜಿಗಳನ್ನು ತಂದಿದ್ದರು. ಸಿನಿಮಾಗಿಂತ ಆ ಗೊಣಗಾಟವೇ ಚೆನ್ನಾಗಿದೆ.

ಶಿವಮೊಗ್ಗದ ಮೇಷ್ಟ್ರಮ್ಮ

ಇನ್ನೊಂದು ಪ್ರಶ್ನೆ. ಈಗಲೂ ಪುಸ್ತಕದಂಗಡಿಯಲ್ಲಿ ಹೊಸ 'ಟಾಮ್ ಕ್ಲಾನ್ಸಿ' ಬರುತ್ತಲೇ ಇದೆಯಲ್ಲ. ಮುಖಪುಟದಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿ, ನಿಜವಾಗಿ ಬರೆದವರ ಹೆಸರು ಕೆಳಗೆ ಸಣ್ಣದಾಗಿ. ಇದು ಸರಿಯೇ? ಬರೆದವರಿಗೆ ಅನ್ಯಾಯ, ಓದುವವರಿಗೆ ಮೋಸ ಅನ್ನಿಸುವುದಿಲ್ಲವೇ?

ಯಲಹಂಕ ರನ್‌ವೇ

ನನಗೆ ಮೋಸ ಅನ್ನಿಸುವುದಿಲ್ಲ ಮೇಡಂ, ಹೆಸರು ಕೆಳಗೆ ಇದೆಯಲ್ಲ. ಅವರು ಬದುಕಿದ್ದಾಗಲೇ ಜೊತೆ ಲೇಖಕರು ಬಂದಿದ್ದರು. ಅವರಲ್ಲಿ ಮಾರ್ಕ್ ಗ್ರೀನಿ ಒಳ್ಳೆಯ ಕೈ. ಇಬ್ಬರ ಹೆಸರಲ್ಲೂ ಬಂದ 'ಕಮಾಂಡ್ ಅಥಾರಿಟಿ' ಹೊರಬಂದಿದ್ದು ಕ್ಲಾನ್ಸಿ ತೀರಿಕೊಂಡ ಎರಡು ತಿಂಗಳಿಗೆ, 2013ರ ಡಿಸೆಂಬರ್‌ನಲ್ಲಿ. ಅದರಲ್ಲಿ ರಷ್ಯಾ ಉಕ್ರೇನ್ ಮೇಲೆ ಬೀಳುತ್ತದೆ. 2014ರ ಮಾರ್ಚ್‌ನಲ್ಲಿ ರಷ್ಯಾ ನಿಜಕ್ಕೂ ಕ್ರೈಮಿಯಾವನ್ನು ತನ್ನದು ಮಾಡಿಕೊಂಡಿತು. ಓದಿ ಮುಗಿಸಿ ಕೆಳಗಿಟ್ಟ ಪುಸ್ತಕ ಟಿವಿಯಲ್ಲಿ ಮುಂದುವರಿದ ಹಾಗಿತ್ತು.

ಆದರೆ ಅದಾದ ಮೇಲೆ ಬಂದವನ್ನು ನಾನು ಕೊಳ್ಳುವುದಿಲ್ಲ. ಮೋಸ ಅಂತಲ್ಲ. ಕ್ಲಾನ್ಸಿ ಇಲ್ಲ ಅಷ್ಟೇ.

ಕೊಡಗಿನ ಕಾಫಿ ತೋಟ

ರೇಗನ್ ಬಗ್ಗೆ ಪೇಪರ್‌ಬ್ಯಾಕ್ ಅವರು ಶುರುವಲ್ಲಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 1986ರಲ್ಲಿ ರೇಕ್ಯವಿಕ್‌ನಲ್ಲಿ ಗೋರ್ಬಚೇವ್ ಜೊತೆ ಮಾತುಕತೆ ಮುಗಿಸಿ ಬಂದ ರೇಗನ್, ಮಾರ್ಗರೇಟ್ ಥ್ಯಾಚರ್‌ಗೆ ಫೋನ್‌ನಲ್ಲಿ 'ರೆಡ್ ಸ್ಟಾರ್ಮ್ ರೈಸಿಂಗ್' ಓದಿ ಅಂತ ಶಿಫಾರಸು ಮಾಡಿದ್ದರು. ಸೋವಿಯತ್ ತಂತ್ರ ತಿಳಿಯುತ್ತದೆ ಅಂತ. ಬ್ರಿಟನ್‌ನ ಸರ್ಕಾರಿ ಕಡತಗಳು ಬಹಿರಂಗವಾದಾಗ ಇದು ಗೊತ್ತಾಯಿತು. ಮಾತುಕತೆ ನಡೆದ ಊರೂ ಐಸ್‌ಲ್ಯಾಂಡ್, ಕಾದಂಬರಿಯಲ್ಲಿ ಸೋವಿಯತ್ ಹಿಡಿಯುವುದೂ ಐಸ್‌ಲ್ಯಾಂಡ್. ದೇಶ ಆಳುವವರು ಕಾದಂಬರಿ ಓದಿ ಲೆಕ್ಕ ಹಾಕುತ್ತಾರೆ ಅನ್ನುವುದು ನನಗಂತೂ ಸ್ವಲ್ಪ ಭಯವೇ.

ಹುಬ್ಬಳ್ಳಿ ಗೇಮರ್

ಇಷ್ಟೆಲ್ಲ ಓದಿದ ಮೇಲೆ ಶುರು ಮಾಡಲೇಬೇಕು. ಯಾವುದರಿಂದ ಶುರು ಮಾಡಲಿ? ದಪ್ಪ ನೋಡಿದರೆ ಹೆದರಿಕೆ ಆಗುತ್ತದೆ.

ಹಳೇ ಪೇಪರ್‌ಬ್ಯಾಕ್

'ರೆಡ್ ಅಕ್ಟೋಬರ್'ನಿಂದಲೇ ಶುರು ಮಾಡಪ್ಪ. ಮೊದಲ ಐವತ್ತು ಪುಟ ಹೆಸರುಗಳ ಗೊಂದಲ ಇರುತ್ತದೆ, ತಡೆದುಕೋ. ಜೋನ್ಸ್ ಬಂದ ಮೇಲೆ ಕೆಳಗಿಡುವುದಿಲ್ಲ. ಆಮೇಲೆ 'ಕಾರ್ಡಿನಲ್'. 'ಬೇರ್ ಅಂಡ್ ಡ್ರ್ಯಾಗನ್' ಅನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಬೆಂಗಳೂರಿಗೆ ಬಂದರೆ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಲ್ಲಿ ಕೇಳು, ಹಳೇ ಪ್ರತಿಗಳು ಸಿಗುತ್ತಿರುತ್ತವೆ.

ಕಾರವಾರದ ಕಡಲು

ಕಾದಂಬರಿ ಅಲ್ಲದ್ದು ಒಂದನ್ನು ಸೇರಿಸಿ. 1993ರ 'ಸಬ್‌ಮರೀನ್'. ಅಣುಶಕ್ತಿ ಜಲಾಂತರ್ಗಾಮಿಯ ಒಳಗೆ ಕರೆದುಕೊಂಡು ಹೋಗಿ ಒಂದೊಂದು ಕೋಣೆಯನ್ನೂ ತೋರಿಸುತ್ತಾರೆ. ಅಡುಗೆಮನೆ ಸಮೇತ.

ಯಲಹಂಕ ರನ್‌ವೇ

ಇದೇನ್ರೀ, 'ರೆಡ್ ಸ್ಟಾರ್ಮ್' ಬಿಟ್ಟೇಬಿಟ್ಟಿರಲ್ಲ! ಗೇಮ್ ಆಡುವ ಹುಡುಗನಿಗೆ ಅದೇ ಮೊದಲು ಕೊಡಬೇಕು.

ಹುಬ್ಬಳ್ಳಿ ಗೇಮರ್

ಎರಡನ್ನೂ ಆರ್ಡರ್ ಮಾಡಿದೆ ಅಣ್ಣಾ. ಆ ವ್ಯಾಂಪೈರ್ ಅಧ್ಯಾಯ ಎಲ್ಲಿದೆ? ನೇರವಾಗಿ ಅಲ್ಲಿಗೇ ಹಾರಬಹುದಾ?

ಯಲಹಂಕ ರನ್‌ವೇ

ಹಾರಿದರೆ ಇಲ್ಲಿಂದ ಬ್ಲಾಕ್ ಮಾಡುತ್ತೇನೆ. ಐಸ್‌ಲ್ಯಾಂಡ್ ಬಿದ್ದದ್ದನ್ನು ಓದದೆ ಆ ಅಧ್ಯಾಯಕ್ಕೆ ಹೋದರೆ ಬಾಂಬರ್‌ಗಳು ಯಾವ ದಾರಿಯಲ್ಲಿ, ಯಾಕೆ ಬಂದವು ಅನ್ನುವುದೇ ತಿಳಿಯುವುದಿಲ್ಲ. ಹವಾಮಾನ ವರದಿ ಬರೆಯುವ ಲೆಫ್ಟಿನೆಂಟ್ ಎಡ್ವರ್ಡ್ಸ್ ಅಲ್ಲಿ ಒಂದು ರೇಡಿಯೊ ಹಿಡಿದು ಬೆಟ್ಟ ಹತ್ತುತ್ತಾನೆ, ಅವನನ್ನು ಬಿಡಬೇಡ. ಓದಿ ಬಂದು ಹೇಳು, ಫೋಷ್ ಮುಳುಗಿದ್ದು ಯಾರ ತಪ್ಪು ಅಂತ. ನನಗೂ ಕಡಲು ಸಾರ್‌ಗೂ ಅದರ ಬಗ್ಗೆ ಜಗಳ ಬಾಕಿ ಇದೆ.

ಕಾರವಾರದ ಕಡಲು

ಟಾಮ್‌ಕ್ಯಾಟ್‌ಗಳನ್ನು ಅಷ್ಟು ದೂರ ಕಳಿಸಿದವರದ್ದೇ ತಪ್ಪು. ಅದರಲ್ಲಿ ಜಗಳ ಏನಿದೆ?